ಜುಫ್ರಿ ಬಿಟ್ಟ ದಾರಿ

ಮಕಾಸ್ಸರ್, ನವೆಂಬರ್ ೧೬, ಶನಿವಾರ

ಗೆದ್ದೆವು. ಆದರೂ ಎದುರು ತಂಡದ ಡಿಫೆಂಡರ್ ಜುಫ್ರಿ ಆಡಿದ ಮಾತು ಕಿವಿಯಿಂದ ಹೋಗುತ್ತಿಲ್ಲ.

ಮೊದಲೆಲ್ಲ ಮೈದಾನದ ಬಲ ಅಂಚಿನಲ್ಲಿ ನನಗೆ ಚೆಂಡು ಸಿಕ್ಕರೆ ಇಬ್ಬರು ಓಡಿಬಂದು ಗೆರೆ ಪಕ್ಕದ ದಾರಿ ಮುಚ್ಚುತ್ತಿದ್ದರು. ಒಳಗೆ ನುಗ್ಗುವವನ ಹಾಗೆ ಹೆಗಲು ಬಾಗಿಸಿ, ಹೊರಗಿನಿಂದ ಪಾರಾಗುತ್ತಿದ್ದೆ. ನನಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಇಷ್ಟು ವರ್ಷ ಅನ್ನ ಹಾಕಿತು. ಇವತ್ತು ಜುಫ್ರಿ ದಾರಿ ಮುಚ್ಚಲೇ ಇಲ್ಲ. ಪಕ್ಕಕ್ಕೆ ಸರಿದು ನಿಂತು, "ಓಡಿ ದೇಂಗ್, ದಾರಿ ಬಿಟ್ಟಿದೀನಲ್ಲ!" ಎಂದು ನಕ್ಕ. ಹಿರಿಯನೆಂದು ದೇಂಗ್ ಅನ್ನುವ ಮರ್ಯಾದೆ ಮಾತ್ರ ಬಿಡಲಿಲ್ಲ.

ಓಡಿದೆ. ಹಿಂದಿನಿಂದ ಬಂದು ಆರಾಮಾಗಿ ಚೆಂಡು ಕಿತ್ತುಕೊಂಡ. ಇನ್ನೊಮ್ಮೆಯೂ ಹಾಗೇ ಆಯಿತು. ಕೊನೆಗೆ ಓಡುವುದನ್ನೇ ಬಿಟ್ಟು ನಿಂತಲ್ಲಿಂದಲೇ ಗೋಲಿನ ಮುಂದಕ್ಕೆ ಚೆಂಡು ತೂರಿದೆ. ನಮ್ಮ ತಂಡದ ಮೆಲ್ಕಿ ತಲೆ ಕೊಟ್ಟ. ಗೋಲು.

ಆಟ ಮುಗಿದ ಮೇಲೆ ಕೋಚ್ ರುಸ್ತಾಮ್ ಪಕ್ಕದಲ್ಲಿ ಬಂದು ಕೂತರು. "ಇನ್ಮೇಲೆ ನೀನು ಮಧ್ಯದಲ್ಲಿ ಆಡು. ಓಟ ಹೋದ್ರೇನಪ್ಪ, ಕಣ್ಣಿದೆಯಲ್ಲ."

"ಆಗ್ಲಿ, ಪಾಕ್" ಎಂದು ಮರ್ಯಾದೆಯಿಂದಲೇ ಒಪ್ಪಿಕೊಂಡೆ. ಬೇರೇನು ಹೇಳಲಿ?

ಮನೆಯಲ್ಲಿ ಹೆಂಡತಿ ಹಸ್ನಾ ಚೊತೊ ಸಾರು ಬಿಸಿ ಮಾಡಿಟ್ಟಿದ್ದಳು. "ಗೆದ್ದು ಬಂದೋರು ಯಾಕ್ಹಿಂಗೆ ಮುಖ ಇಳಿಬಿಟ್ಕೊಂಡಿದೀರಾ?"

"ಇವತ್ತು ನನ್ನನ್ನ ಯಾರೂ ತಡೀಲಿಲ್ಲ ಕಣೇ."

"ಒಳ್ಳೇದೇ ಆಯ್ತಲ್ಲ!" ಎಂದು ಬಡಿಸಿದಳು.

ಮಂಡಿ ಊದಿದೆ, ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಅಂಚಿನಲ್ಲಿ ಆಡುವವನಿಗೆ ಒಂದು ಪಕ್ಕ ಗೆರೆ ಇರುತ್ತದೆ. ಆ ಕಡೆಯಿಂದ ಯಾರೂ ಮೇಲೆ ಬೀಳುವುದಿಲ್ಲ. ಮಧ್ಯದಲ್ಲಿ ನಿಂತರೆ ಎಲ್ಲ ಕಡೆಯಿಂದಲೂ ಬರುತ್ತಾರೆ. ಈ ವಯಸ್ಸಿನಲ್ಲಿ ಬೆನ್ನ ಹಿಂದೆ ನೋಡುವುದನ್ನು ಕಲಿಯಲು ಹೊರಟಿದ್ದೇನೆ.