ಓದಲಿಕ್ಕೆ ಬಾರದ ಸ್ಕ್ರೀನ್

ಧನಕವಡಿ, ಪುಣೆ
ಮಂಗಳವಾರ, ೧೮ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮಾ ಪ್ರಕಾಶಾ,

ಹೆಂಗಿದ್ದಿ? ಹೊಟ್ಟಿ ತುಂಬ ಉಣ್ತೀಯೋ ಇಲ್ಲೋ? ಗೋಕಾಕದಿಂದ ಭುವನೇಶ್ವರಿ ಕಾಕು ಮೊನ್ನೆ ಫೋನ್ ಮಾಡಿದ್ದಳು. ಹಗಲೆಲ್ಲಾ ಮ್ಯಾಲಿನ ಕೋಣ್ಯಾಗ ಬಾಗಲಾ ಹಾಕ್ಕೊಂಡು ಕೂಡ್ತಾನ, ಒಂದು ರೊಟ್ಟಿ ತಿಂದು ಎದ್ದುಬಿಡ್ತಾನ, ಗಡ್ಡಾ ಬಿಟ್ಟಾನ ಅಂತ ಹೇಳಿದಳು. ಕೆಮ್ಮು ಕಡಿಮಿ ಆಗ್ಯದೇನು? ಹೋಗೋ ಮುಂದ ಸ್ವೆಟರ್ ಸೈತ ತೊಗೊಂಡು ಹೋಗಲಿಲ್ಲ ನೀನು. ನಿನ್ನ ಫೋನ್ ಇಪ್ಪತ್ನಾಲ್ಕು ದಿವಸದಿಂದ ಬಂದ್ ಅದ. ಕಾಕುನ ಫೋನಿನ್ಯಾಗಾದ್ರೂ ಮಾತಾಡ್ಸು ಅಂದ್ರ ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದಿಯಂತ. ಅದಕ್ಕ ಈ ಕಾಗದ. ಹರದು ಒಗೀಬೇಕಂದ್ರ ಒಗಿ, ಆದ್ರ ಪೂರಾ ಓದಿ ಒಗಿ. ಮುಕ್ತಾನ ಹತ್ತನೇತ್ತಾ ಪರೀಕ್ಷಾ ಈ ಶುಕ್ರವಾರ ಶುರು. ಮಾಮಾ ಬರ್ತಾನಂತ ಗಣಿತದ ಎರಡು ಅಧ್ಯಾಯ ಹಂಗ ಬಿಟ್ಟಕೊಂಡು ಕೂತಿದ್ದಳು, ಈಗ ತಾನ ಮಾಡ್ಲಿಕತ್ತಾಳ. ನನಗ ಏನೂ ಆಗಿಲ್ಲ, ಮೊಣಕಾಲು ಒಂದು ನೋಯ್ತದ.

ನಿನಗ ಗೊತ್ತಿದ್ದದ್ದನ್ನ ಮೊದಲ ಬರೀತೀನಿ, ಬ್ಯಾಸರಾ ಮಾಡ್ಕೋಬ್ಯಾಡ. ನೀ ಆ ಕೋಣ್ಯಾಗ ಕೂತು ನಿನ್ನ ಪಾಲಿಂದಷ್ಟ ಮತ್ತ ಮತ್ತ ತಿರಿವಿ ಹಾಕ್ತಿರಬೇಕು. ನಡೆದದ್ದು ಅಷ್ಟ ಅಲ್ಲ. ಬಿಬವೇವಾಡಿಯ ನಮ್ಮ ಡಯಾಲಿಸಿಸ್ ಕೇಂದ್ರದ ಹಳೇ ಸರ್ವರ್ ದೀಪಾವಳಿಯಿಂದ ಕರಕರ ಅನ್ನಲಿಕತ್ತಿತ್ತು. ಅರವತ್ತೊಂದು ಮಂದಿ ರೋಗಿಗಳ ಎಲ್ಲಾ ವಿಷಯ ಅದರಾಗ ಇತ್ತು. ಯಾರ ತೂಕ ಎಷ್ಟಿರಬೇಕು, ಯಾರಿಗೆ ಯಾವ ಔಷಧ ನಡೀತದ, ಯಾರಿಗೆ ನಡೆಯೂದಿಲ್ಲ, ಎಲ್ಲಾ. ಜನವರಿ ಹತ್ತೊಂಬತ್ತು ಭಾನುವಾರ, ಕೇಂದ್ರ ಸುಟಿ. ನೀ ಒಬ್ಬನ ಹೋಗಿ ಹೊಸ ಮಷೀನ್ ಜೋಡಿಸಿದಿ. ಹಳೇದರ ಡಿಸ್ಕ್ ತೆಗದು ಹೊಸಾದರಾಗ ಎರಡನೇದಾಗಿ ಕೂಡಿಸಿದಿ, ಮಷೀನ್ ನಡಸೋ ಲಿನಕ್ಸ್ ಅನ್ನೋ ಪ್ರೋಗ್ರಾಮ್ ಹಾಕಿ ಮುಗಿದ ಮ್ಯಾಲ ಅದರಾಗಿಂದೆಲ್ಲಾ ಈ ಕಡೆ ಇಳಿಸಿಕೊಂಡ್ರಾತು ಅಂತ. ಆಮ್ಯಾಲ ಸ್ಕ್ರೀನ್ ಕೆಟ್ಟಿತು. ಅಕ್ಷರ ಎಲ್ಲಾ ಒಡದು, ಪಟ್ಟಿ ಪಟ್ಟಿ ಆಗಿ, ಏನೂ ಓದಲಿಕ್ಕೆ ಬರಲಿಲ್ಲ. ನೀ ಹಿಂದ ಹತ್ತು ಕಡೆ ಲಿನಕ್ಸ್ ಹಾಕಿದ್ದಿ, ಯಾವ ಪುಟದ ಹಿಂದ ಯಾವ ಪುಟ ಬರ್ತದ ಅಂತ ಬಾಯಿಪಾಠ ಇತ್ತು. ನೆನಪಿನ ಮ್ಯಾಲ ಗುಂಡಿ ಒತ್ತಿಕೋತ ಹೋದಿ. ನಾಲ್ಕು ಗಂಟೇಕ್ಕ ನನಗ ಫೋನ್ ಮಾಡಿ "ಅಕ್ಕಾ, ಹೋತು" ಅಂದಿ. ಹೊಸ ಡಿಸ್ಕ್ ಅಂತ ತಿಳಿದು ಹಳೇದನ್ನ ಅಳಿಸಿ ಅದರ ಮ್ಯಾಲ ಲಿನಕ್ಸ್ ಹಾಕಿದ್ದಿ.

ಮರುದಿನ ಸೋಮವಾರ ಹೊಳಬಸಪ್ಪನವರ ಪಾಳಿ. ಬೈಲಹೊಂಗಲದ ಹಿರಿಯಾ, ನಲವತ್ತು ವರ್ಷ ರವಿವಾರ ಪೇಟದ ಅರಿವಿ ಅಂಗಡ್ಯಾಗ ಗುಮಾಸ್ತಗಿರಿ ಮಾಡಿದವರು. ನಿನ್ನ ಕಂಡ್ರ ಕರದು ಕೂಡಿಸಿಕೊಂಡು, ಊರ ಕಡೆ ಮಳಿ ಆತೇನಪಾ ಅಂತ ಕೇಳವರು. ಅವರಿಗೆ ಹತ್ತು ದಿವಸದ ಹಿಂದ ಹೊಟ್ಟಿ ಹುಣ್ಣಿನಿಂದ ರಕ್ತ ಹೋಗಿತ್ತು. ಡಯಾಲಿಸಿಸ್ ಮುಂದ ರಕ್ತ ಹೆಪ್ಪುಗಟ್ಟಬಾರದಂತ ಕೊಡೋ ಹೆಪಾರಿನ್ ಇನ್ನೊಂದು ತಿಂಗಳು ಇವರಿಗೆ ಬ್ಯಾಡ ಅಂತ ಮಧುಕರ ಡಾಕ್ಟರು ಕಂಪ್ಯೂಟರಿನ್ಯಾಗ ಬರದಿದ್ದರು. ಅಲ್ಲಿ ಅಷ್ಟ ಬರದಿದ್ದರು. ಕಪಾಟಿನ್ಯಾಗ ಇದ್ದ ಕಾಗದದ ಫೈಲು ದೀಪಾವಳಿ ಮುಂಚಿಂದು. ಅದರಾಗ ಹೆಪಾರಿನ್ ಇತ್ತು. ಕೊಟ್ಟಿವಿ. ಸಂಜಿಮುಂದ ಮನ್ಯಾಗ ರಕ್ತ ಕಾರಿಕೊಂಡರು, ದೊಡ್ಡ ದವಾಖಾನಿಗೆ ಒಯ್ದರು, ಬುಧವಾರ ಹೋದರು. ಶನಿವಾರ ಡಾಕ್ಟರು ಕ್ಯಾಬಿನ್ನಿಗೆ ಒಬ್ಬೊಬ್ಬರನ್ನ ಕರದು ಕೇಳಿದರು. ನಿನ್ನ ಪಾಳಿ ಬಂದಾಗ ನೀ ಕೂಡಲೂ ಇಲ್ಲ. "ನೋಡದ ಒತ್ತಿದೆ, ಸರ್. ನನ್ನಿಂದ ಆತು" ಅಂದಿಯಂತ. ಸಂಜಿಗೆ ಸ್ವಾರಗೇಟಿನಿಂದ ಬಸ್ ಹತ್ತಿದಿ. ನಾ ಮನಿಗೆ ಬಂದು ನೋಡಿದ್ರ ನಿನ್ನ ಚಾವಿ ಟಿವಿ ಮ್ಯಾಲ ಇತ್ತು.

ಆ ಹೊಸ ಮಷೀನ್ ಮೂರು ವಾರ ಹಂಗ ಬಿದ್ದಿತ್ತು, ಮ್ಯಾಲ ಯಾರೋ ಒಂದು ಬೆಡ್‌ಶೀಟ್ ಹಾಕಿದ್ದರು. ಅದರ ಕಡೆ ಯಾರೂ ನೋಡ್ತಿದ್ದಿಲ್ಲ. ಒಬ್ಬ ಮೆಕ್ಯಾನಿಕ್‌ನ ಕರಸಿದರು. ಅವ ಹಚ್ಚಿ ನೋಡಿ, ಸ್ಕ್ರೀನ್ ಹಂಗ ಚೂರುಚೂರಾದ ಕೂಡ್ಲೆ, ಮಷೀನ್ ಖರಾಬ್ ಅದ, ವಾಪಸ್ ಕಳಸ್ರಿ ಅಂತ ಹೇಳಿ ಹೋದ. ನಾವು ಅಲ್ಲೀತನಕ ಬರೇ ಕಾಗದದ ಮ್ಯಾಲ ಕೆಲಸಾ ನಡಸ್ತಿದ್ದಿವಿ. ಹಳೇ ಡಿಸ್ಕಿನಿಂದ ಏನಾದ್ರೂ ತೆಗೀಲಿಕ್ಕೆ ಬರ್ತದೇನಂತ ಒಬ್ಬರ ಕಡೆ ಕೊಟ್ಟಿದ್ದರು, ಅರ್ಧಮರ್ಧ ಹೆಸರು ಬಿಟ್ರ ಏನೂ ಬರಲಿಲ್ಲ. ಕಡೀಕ ಒಬ್ಬೊಬ್ಬ ರೋಗೀನ ಕೂಡಿಸಿಕೊಂಡು, ಚೀಟಿ ನೋಡಿ, ಡಾಕ್ಟರಿಗೆ ಕೇಳಿ ಎಲ್ಲಾ ಹೊಸದಾಗಿ ಬರಕೊಂಡಿವಿ. ವಾಪಸ್ ಕಳಸೋ ಮುಂಚೆ ನನಗ ಒಂದು ಭಾನುವಾರ ಕೊಡ್ರಿ ಅಂತ ನಾ ಡಾಕ್ಟರಿಗೆ ಕೇಳಿದೆ. ಹನ್ನೊಂದು ವರ್ಷ ಡಯಾಲಿಸಿಸ್ ಮಷೀನ್ ಜೋಡಿ ಕೆಲಸಾ ಮಾಡಿದಾಕಿ, ಕಂಪ್ಯೂಟರಿಂದು ಈಕಿಗೇನು ತಿಳೀತದ ಅಂತ ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಖರೇ ಹೇಳ್ತೀನಿ, ಮಷೀನ್ ಸುಧಾರಿಸಬೇಕಂತ ನಾ ಹೋಗಿದ್ದಿಲ್ಲ. ನೀ ಅವತ್ತು ಏನು ಕಂಡಿದ್ದಿ ಅನ್ನೂದು ನಾ ಕಾಣಬೇಕಾಗಿತ್ತು.

ಮೊನ್ನೆ ಭಾನುವಾರ ಮುಂಜಾನೆ ಹತ್ತಕ್ಕ ಹೋಗಿ ನೀ ಬಿಟ್ಟು ಹೋದ ಲಿನಕ್ಸಿನ ಪೆನ್‌ಡ್ರೈವನ್ನ ಹಾಕಿ ಚಾಲೂ ಮಾಡಿದೆ. ಮೊದಲ ಒಂದು ಪಟ್ಟಿ ಬಂತು, ಅಕ್ಷರ ಸ್ವಚ್ಛ. ಒತ್ತಿದೆ. ಸ್ಕ್ರೀನ್ ಒಂದು ಕ್ಷಣ ಕರ್ರಗಾಗಿ ಬಂತು ನೋಡು. ಹಸರು, ನೇರಳಿ ಗೆರಿ, ನಡುನಡುವ ಅರ್ಧಾ ಅಕ್ಷರ, ಒಂದರ ಮ್ಯಾಲ ಒಂದು. ಕೀಬೋರ್ಡ್ ಒತ್ತಿದ್ರ ಗೆರಿ ಸ್ವಲ್ಪ ಅಲಗಾಡ್ತಾವ, ಅಂದ್ರ ಒಳಗ ಮಷೀನ್ ಜೀವಂತ ಅದ, ಕೇಳಿಸ್ಕೊಳ್ಳಲಿಕತ್ತದ, ನಮಗ ಅಷ್ಟ ಕಾಣವಲ್ದು. ನೀ ಯಾಕ ಮುಂದ ಹೋದಿ ಅಂತ ನನಗ ಅವಾಗ ತಿಳೀತು. ಮೊದಲ ವೈರ್ ಬದಲಿಸಿದೆ, ಹಂಗ. ರಿಸೆಪ್ಷನ್ನಿನ ಮಾನಿಟರ್ ಹೊತ್ತು ತಂದು ಹಚ್ಚಿದೆ, ಅದೂ ಹಂಗ. ಆಮ್ಯಾಲ ನೀಲಿಮಾಗ ಫೋನ್ ಮಾಡಿದೆ. ನೆನಪದ ಅಲ್ಲ, ಬುಧವಾರದ ಪಾಳಿಗೆ ಬರೋ ಕುಲಕರ್ಣಿ ಅಜ್ಜಿಯ ಮಗಳು, ಖರಾಡಿಯೊಳಗ ಕಂಪನಿ ಸರ್ವರ್ ನೋಡಿಕೊಳ್ತಾಳ. ಆಕಿ ನನಗ ಒಂದ ಪ್ರಶ್ನೆ ಕೇಳಿದಳು, ಮೊದಲಿನ ಪಟ್ಟಿ ಸ್ವಚ್ಛ ಕಾಣಸ್ತದೋ ಇಲ್ಲೋ ಅಂತ. ಕಾಣಸ್ತದ ಅಂದೆ. ಹಂಗಿದ್ರ ವೈರಿಂದೂ ಅಲ್ಲ, ಮಾನಿಟರಿಂದೂ ಅಲ್ಲ, ಮಷೀನೂ ಕೆಟ್ಟಿಲ್ಲ ಅಂದಳು. ಲಿನಕ್ಸ್ ಏಳೋ ಮುಂದ ಈ ಮಷೀನಿನ್ಯಾಗ ಸ್ಕ್ರೀನಿಗೆ ಚಿತ್ರಾ ಮೂಡಸೋ ಚಿಪ್ಪನ್ನ ತಾನ ನಡಸಲಿಕ್ಕೆ ಹೋಗ್ತದ, ಇವೆರಡಕ್ಕೂ ಹೊಂದಾಣಿಕಿ ಆಗವಲ್ದು, ಅದಕ್ಕ ಹಂಗ ಕಾಣಸ್ತದ. ಆ ಚಿಪ್ಪನ್ನ ಮುಟ್ಟಬ್ಯಾಡ ಅಂತ ಲಿನಕ್ಸಿಗೆ ಮೊದಲ ಹೇಳಬೇಕು. ಆ ಪಟ್ಟಿ ಬಂದಾಗ 'ಇ' ಒತ್ತಿ, 'ಲಿನಕ್ಸ್' ಅಂತ ಶುರು ಆಗೋ ಸಾಲಿನ ಕಡೀಕ 'ನೋಮೋಡ್‌ಸೆಟ್' ಅಂತ ಇಂಗ್ಲಿಷಿನ್ಯಾಗ ಬರದು ಎಫ್ ಟೆನ್ ಒತ್ರಿ ಅಂದಳು. ಮುಂದ ಹೋಗೋ ಮುಂಚೆ ರೋಗಿಗಳ ವಿಷಯ ಇರೋ ಡಿಸ್ಕ್ ಏನಾದ್ರೂ ಒಳಗ ಇದ್ರ ಅದರ ವೈರ್ ಕಿತ್ತಿಡ್ರಿ, ಕಣ್ಣಿಗೆ ಕಾಣಲಿ ಬಿಡಲಿ ಅದು ಮೊದಲಿನ ಕೆಲಸಾ ಅಂತನೂ ಹೇಳಿದಳು. ಡಿಸ್ಕ್ ಕಿತ್ತಿಡೋ ಈ ಮಾತನ್ನ ನಿನಗ ಬರೀಬೇಕೋ ಬ್ಯಾಡೋ ಅಂತ ಭಾಳ ವಿಚಾರ ಮಾಡಿದೆ. ಬರದೀನಿ. ನಿನ್ನದೇನೂ ತಪ್ಪಿಲ್ಲ ಅಂತ ಸುಳ್ಳು ಹೇಳಿದ್ರ ನೀ ನಂಬೂದಿಲ್ಲ, ನನ್ನ ಮುಂದಿನ ಮಾತನ್ನೂ ನಂಬೂದಿಲ್ಲ.

ಮೊದಲನೇ ಸಲ ಒಂದು ಅಕ್ಷರ ಬಿಟ್ಟು ಬರದೆ, ಮತ್ತ ಅದ ಗೆರಿ. ಎರಡನೇ ಸಲ ಚಸ್ಮಾ ಹಾಕ್ಕೊಂಡು ಒಂದೊಂದ ಒತ್ತಿದೆ. ಸ್ಕ್ರೀನ್ ಸ್ವಚ್ಛ ಬಂತು. ಅಕ್ಷರ ದಪ್ಪ ದಪ್ಪ, ಚಂದ ಏನಿದ್ದಿಲ್ಲ, ಆದ್ರ ಓದಲಿಕ್ಕೆ ಬರ್ತಿದ್ದವು. ಡಿಸ್ಕ್ ಆರಿಸೋ ಪುಟ ಬಂದಾಗ ನಾ ಕುರ್ಚಿ ಮ್ಯಾಲ ಹಂಗ ಕೂತುಬಿಟ್ಟೆ. ಈಗ ಒಂದ ಡಿಸ್ಕ್ ಇತ್ತು. ಅವತ್ತು ಎರಡಿದ್ದವು, ಒಂದರ ಕೆಳಗ ಒಂದು. ಅವುಗಳ ನಡುವ ಇದ್ದದ್ದು ಬಾಣದ ಗುಂಡಿಯ ಒಂದು ಒತ್ತು, ಪ್ರಕಾಶಾ. ಎಷ್ಟು ಹೊತ್ತು ಕೂತಿದ್ದೆನೋ, ವಾಚ್‌ಮನ್ ಬಂದು ತಾಯಿ ಊಟಾ ಆತೇನು ಅಂತ ಮರಾಠಿಯೊಳಗ ಕೇಳಿದಾಗ ಎಚ್ಚರಾತು. ಹಾಕೂದು ಮುಗೀತು, ಬಂದ್ ಮಾಡಿ ಮತ್ತ ಚಾಲೂ ಮಾಡಿದೆ, ಮತ್ತ ಗೆರಿ. ನೀಲಿಮಾ ಬೈಲಿಲ್ಲ. ನಾವು ಬರದದ್ದು ಒಂದು ಸಲಕ್ಕ ಅಷ್ಟ, ಅದನ್ನ ಒಂದು ಫೈಲಿನ್ಯಾಗ ಕಾಯಂ ಬರದಿಡಬೇಕು ಅಂತ ಹೇಳಿ, ಫೋನಿನ ಮ್ಯಾಲ ಒಂದೊಂದ ಅಕ್ಷರ ಹೇಳಿ ಬರಸಿದಳು. ಆಮ್ಯಾಲ ನೆಟ್ಟಗ ನಿಂತಿತು. ನಾವು ಹೊಸದಾಗಿ ಬರಕೊಂಡಿದ್ದನ್ನೆಲ್ಲಾ ಒಳಗ ಹಾಕಿ ನೋಡಿದ್ರ, ಮರಾಠಿ ಹೆಸರು ಇದ್ದ ಕಡೆ ಬರೇ ಚೌಕ ಚೌಕ ಡಬ್ಬಿ. ನನಗ ಅಳೂನ ಬಂತು. ಆ ಕರೀ ಸ್ಕ್ರೀನಿಗೆ ಅಷ್ಟ ಆ ಲಿಪಿ ಬರೂದಿಲ್ಲ, ರಿಸೆಪ್ಷನ್ ಕಂಪ್ಯೂಟರಿನಿಂದ ನೋಡ್ರಿ ಅಂದಳು. ಹೋಗಿ ನೋಡಿದೆ. ಎಲ್ಲಾರೂ ಇದ್ದರು. ಅರವತ್ತು ಮಂದಿ.

ನಿನ್ನೆಯಿಂದ ಅದರ ಮ್ಯಾಲ ಕೆಲಸಾ ನಡದದ. ಡಾಕ್ಟರು ನೀ ಬರ್ತಿಯೋ ಇಲ್ಲೋ ಅಂತ ನನಗ ಕೇಳಿಲ್ಲ, ನಿನ್ನ ಜಾಗಾಕ್ಕ ಬ್ಯಾರೆಯವರನ್ನೂ ತೊಗೊಂಡಿಲ್ಲ. ಕಾಕು ಕೊಟ್ಟದ್ದನ್ನ ಬ್ಯಾಡ ಅನ್ನದ ಉಣ್ಣು, ಆಕಿಗೆ ಬಾಯಿ ಜೋರು, ಆದ್ರ ಮನಸಿನ್ಯಾಗ ಏನಿಲ್ಲ. ಗಡ್ಡಾ ತೆಗಿ, ನಿನಗ ಒಪ್ಪೂದಿಲ್ಲ ಅದು. ಕಾಕಾಗ, ಕಾಕುಗ ನನ್ನ ಶರಣು ಹೇಳು. ಮುಕ್ತಾ ನಿನಗ ನಮಸ್ಕಾರ ಹೇಳ್ಯಾಳ. ಅವ್ವ ಇದ್ರ ನಿನ್ನ ತಲಿ ಮ್ಯಾಲ ಕೈ ಇಡ್ತಿದ್ದಳು. ಆಕಿ ಬದಲಿ ನಾ ಇಟ್ಟೀನಂತ ತಿಳಕೋ.

ನಿನ್ನ ಅಕ್ಕಾ,
ಸುಮಂಗಲಾ

ತಾಜಾಕಲಂ, ಬುಧವಾರ: ಲಕೋಟಿ ಅಂಟಿಸಲಿಕ್ಕೆ ಕೈ ಬರವಲ್ದು, ಇದನ್ನ ಬರೀದಿದ್ರ ಮ್ಯಾಲ ಬರದದ್ದೆಲ್ಲಾ ವ್ಯರ್ಥ. ಹೆಪಾರಿನ್ ಕೊಟ್ಟಿವಿ ಅಂತ ಬರದೀನಿ. ಕೊಟ್ಟಾಕಿ ನಾನು. ಅವತ್ತು ಹೊಳಬಸಪ್ಪನವರ ಹೆಂಡತಿ ಚನ್ನಬಸವ್ವ ಕಾಲಕಡೆ ಸ್ಟೂಲಿನ ಮ್ಯಾಲ ಕೂತಿದ್ದಳು. ನಾ ಸಿರಿಂಜ್ ತುಂಬೋ ಮುಂದ "ಅಕ್ಕಾರ, ಆ ಔಸದಿ ಬ್ಯಾಡ ಅಂದಾರಲ್ರಿ ಡಾಕ್ಟರು" ಅಂದಳು. ಆ ಖೋಲ್ಯಾಗ ಕೆಲಸಾ ಮಾಡವರೊಳಗ ಕನ್ನಡ ತಿಳಿಯೂದು ನನಗೊಬ್ಬಾಕಿಗೆ. ಕಂಪ್ಯೂಟರ್ ಇಲ್ಲಂತ ಎಲ್ಲಾರೂ ನನ್ನ ಮ್ಯಾಲ ಹಾಯ್ತಿದ್ದರು, ಎಂಟು ಮಂದಿ ಕಾಯ್ತಿದ್ದರು. ಕಾಗದದಾಗ ಅದ, ನೀವು ಸುಮ್ಮನ ಕೂಡ್ರಿ ಅಂದೆ. ಡಾಕ್ಟರಿಗೆ ಒಂದು ಫೋನ್ ಮಾಡಿದ್ರ ಆ ಜೀವ ಉಳೀತಿತ್ತು. ಶನಿವಾರ ಡಾಕ್ಟರು ಚನ್ನಬಸವ್ವನ್ನ ಕೇಳಿದಾಗ ನೀ ಹೊರಗ ಬೆಂಚಿನ ಮ್ಯಾಲ ಕೂತಿದ್ದಿ. ಆಕಿ ಹೇಳಿದ್ದನ್ನ ಮರಾಠಿಯೊಳಗ ಹೇಳಲಿಕ್ಕೆ ನನ್ನನ್ನ ನಿಲ್ಲಿಸಿದ್ದರು. ಆಕಿ ಇದನ್ನ ಪೂರಾ ಹೇಳಿದಳು. ನಾ ಇದನ್ನ ಬಿಟ್ಟು ಹೇಳಿದೆ. ಆಮ್ಯಾಲ ನೀ ಒಳಗ ಹೋಗಿ ನನ್ನಿಂದ ಆತು ಅಂದಿ, ನಾ ಬಾಗಲದಾಗ ನಿಂತು ಕೇಳಿದೆ.

ಇವತ್ತ ಮುಂಜಾನೆ ಎಲ್ಲಾ ಬರದು, ಸಹಿ ಮಾಡಿ ಡಾಕ್ಟರ ಕೈಯಾಗ ಕೊಟ್ಟೀನಿ. ಅಲ್ಲಿಂದ ಚನ್ನಬಸವ್ವನ ಮನಿಗೆ ಹೋಗಿದ್ದೆ. ಆಕಿ ಅಳಲಿಲ್ಲ, ಬೈಲಿಲ್ಲ. "ನನಗ ಮರಾಠಿ ಬರೂದಿಲ್ಲ ಖರೆ. ಆದ್ರ ನಾ ಅಷ್ಟುದ್ದ ಹೇಳಿದ್ದೆ, ನೀವು ಇಷ್ಟ ಹೇಳಿದ್ರಿ. ಅವತ್ತ ಗೊತ್ತಾತ್ರಿ" ಅಂತಂದು ಒಳಗ ಹೋಗಿ ಬಾಗಲಾ ಮುಂದ ಮಾಡಿಕೊಂಡಳು. ಡಾಕ್ಟರು ನಿನಗ ಕಾಕುನ ನಂಬರಿಗೆ ಫೋನ್ ಮಾಡ್ತಾರ, ಎತ್ತು. ನೀ ಒತ್ತಿದ್ದು ಎಷ್ಟೋ ಅಷ್ಟ ಹೇಳು. ನನ್ನ ಉಳಸಲಿಕ್ಕೆ ಅದಕ್ಕಿಂತ ಒಂದು ಮಾತು ಹೆಚ್ಚಿಗಿ ಹೇಳಬ್ಯಾಡ.