ಎಡ ಮೂಲೆಯಿಂದ ನಡುವಿಗೆ

ಬಟವಾಡಿ, ತುಮಕೂರು
೧೮-೨-೧೯೫೬, ಶನಿವಾರ, ಬೆಳಗಿನ ಜಾವ

ಪ್ರೀತಿಯ ಅಣ್ಣಾ,

ನಾಲ್ಕೂಕಾಲಿಗೆ ಹಿತ್ತಿಲಿನಿಂದ ಧಪ್ ಅಂತ ಸದ್ದಾಗಿ ಎಚ್ಚರವಾಯಿತು. ಮಗು ತೊಟ್ಟಿಲಿನಿಂದ ಬಿತ್ತು ಅಂದುಕೊಂಡೇ ಎದ್ದು ಓಡಿದೆ, ಹೊಸ್ತಿಲು ಎಡವಿ ಹೆಬ್ಬೆರಳು ಒಡೆದುಕೊಂಡೆ. ನಿನ್ನ ಸೊಸೆ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಮಹಾರಾಣಿಯ ಹಾಗೆ ಮಲಗಿದ್ದಾಳೆ. ಆದರೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ, ನನ್ನ ಬಿ.ಎ. ಓದು ಈ ವಿಷಯದಲ್ಲಿ ಯಾವ ಉಪಯೋಗಕ್ಕೂ ಬಂದಿಲ್ಲ. ಅಷ್ಟರಲ್ಲಿ ಮತ್ತೆ ಧಪ್. ಅಡುಗೆಮನೆ ಕಿಟಕಿಯಿಂದ ಇಣುಕಿದರೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಲಾಟೀನು ಇಟ್ಟುಕೊಂಡು ಇವರು ಬೂಟ್ಸು ಹಾಕಿಕೊಂಡು ಗೋಡೆಗೆ ಚೆಂಡು ಒದೆಯುತ್ತಿದ್ದಾರೆ. ಆ ಸದ್ದು ಕೇಳುತ್ತಲೇ ಇದನ್ನು ಬರೆಯುತ್ತಿದ್ದೇನೆ. ಅದು ನಿಲ್ಲುವುದರೊಳಗೆ ಮುಗಿಸಬೇಕು.

ಮೊದಲು ನಿಮ್ಮೆಲ್ಲರ ಸಮಾಚಾರ ಹೇಳು. ಅಮ್ಮನ ಮಂಡಿ ನೋವು ಹೇಗಿದೆ? ಕಳಿಸಿದ ಎಣ್ಣೆಯನ್ನು ತಾನು ಹಚ್ಚಿಕೊಳ್ಳುತ್ತಿದ್ದಾಳೋ, ಇಲ್ಲ ಅಕ್ಕಪಕ್ಕದವರಿಗೆಲ್ಲ ಹಂಚಿ ಪುಣ್ಯ ಕಟ್ಟಿಕೊಳ್ಳುತ್ತಿದ್ದಾಳೋ? ಅತ್ತಿಗೆಗೆ ಈಗ ಊಟ ಸೇರುತ್ತಿದೆಯೇ? ಐದನೇ ತಿಂಗಳಲ್ಲಿ ಎಷ್ಟು ಸಾಧ್ಯವೋ ಅಷ್ಟು ನಿದ್ದೆ ಮಾಡಿಬಿಡಲಿ ಅಂತ ನಾನು ಹೇಳಿದೆ ಅನ್ನು. ಆಮೇಲೆ ಅದು ಸಿಗುವ ಪದಾರ್ಥವಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಪುಟ್ಟಿಗೆ ಕೆಳಗಡೆ ಎರಡು ಹಲ್ಲು ಬಂದಿವೆ, ಅದಕ್ಕೇ ಜ್ವರ. ಎದುರು ಮನೆ ಡಾಕ್ಟರ್ ಅನಂತರಾಮಯ್ಯನವರ ಬಾಗಿಲನ್ನು ಈ ವಾರದಲ್ಲೇ ಎರಡು ಸಲ ಅಪರಾತ್ರಿಯಲ್ಲಿ ಬಡಿದಿದ್ದೇನೆ. ಅವರ ಮನೆಯವರು ಪದ್ಮಮ್ಮ, "ಏನಮ್ಮಾ ಗಂಗಾ, ಮಗು ಆಕಳಿಸಿದ್ರೂ ಡಾಕ್ಟ್ರನ್ನ ಎಬ್ಬಿಸ್ತೀಯಲ್ಲ" ಅಂತ ನಕ್ಕರು. ಬಯ್ಯಲಿಲ್ಲ, ಅಷ್ಟು ಪುಣ್ಯ.

ಈಗ ನಾಳೆಯ ಮಾತಿಗೆ ಬರುತ್ತೇನೆ. ನಾಳೆ ಬೆಳಿಗ್ಗೆ ಏಳೂವರೆಗೆ ಇಲ್ಲಿನ ಹೈಸ್ಕೂಲ್ ಮೈದಾನದಲ್ಲಿ ನಿಮ್ಮ ಗಿರಣಿಯ ಫುಟ್‌ಬಾಲ್ ತಂಡಕ್ಕೆ, ಗಿರಣಿಯ ಕೆಲಸದ ಸಮೇತ, ಇಬ್ಬರನ್ನು ಆರಿಸುತ್ತೀಯ. ಆರಿಸುವವನು ನೀನು, ಆಯ್ಕೆಯಾಗಲು ಇಳಿಯುವವರಲ್ಲಿ ನನ್ನ ಗಂಡನೂ ಒಬ್ಬರು. ಹೋದ ಕಾಗದದಲ್ಲಿ, "ಭಾವ ನಿಧಾನ ಆಗಿದ್ದಾರೆ ಕಣಮ್ಮ, ಆದ್ರೂ ಬೇಕಾದ್ರೆ ನಾನು ಒಂದು ಮಾತು ಹಾಕ್ತೀನಿ" ಅಂತ ಬರೆದಿದ್ದೆ. ಬೇಡ ಅಣ್ಣಾ. ತಂಗಿಯ ಗಂಡ ಅಂತ ತೆಗೆದುಕೊಳ್ಳಬೇಡ. ಹಾಗೆ ಬಂದ ಕೆಲಸದಲ್ಲಿ ಇವರು ಒಂದು ತಿಂಗಳು ಇರುವವರಲ್ಲ. ಆದರೆ ತಪ್ಪಾಗಿ ಅಳೆದು ಬಿಡಲೂ ಬೇಡ. ನೀನು ಅಳೆದದ್ದು ತಪ್ಪು.

ಮಗು ಎತ್ತಿಕೊಂಡವಳು ಆಟಗಾರರ ಬೆಲೆ ಕಟ್ಟುತ್ತಾಳಲ್ಲ ಅಂತ ನಗಬೇಡ. ಕುಣಿಗಲ್ ಕೆರೆ ಬಯಲಿನಲ್ಲಿ ನೀನು ಗೋಲ್‌ಕೀಪರ್ ಆಗಿ ನಿಂತಾಗ ಎರಡು ಕಲ್ಲಿನ ಹಿಂದೆ ನಿಂತು "ಎಡಕ್ಕೆ ಕಣೋ, ಎಡಕ್ಕೆ" ಅಂತ ಪಿಸುಗುಟ್ಟುತ್ತಿದ್ದವಳು ನಾನು. ಊರೆಲ್ಲ ನಿನ್ನ ಕಣ್ಣನ್ನು ಹೊಗಳಿತು. ಆ ಕಣ್ಣು ಯಾರದು ಅಂತ ನಮ್ಮಿಬ್ಬರಿಗೇ ಗೊತ್ತು. ಹೋದ ವರ್ಷ ನೀವು ಎಡಗಡೆಯ ಹಾಫ್‌ನನ್ನು ಇನ್ನೊಂದು ಗಿರಣಿಗೆ ಬಿಟ್ಟುಕೊಟ್ಟು ಆ ಆರಡಿ ಎತ್ತರದ ಸೆಂಟರ್ ಫಾರ್ವರ್ಡ್‌ನನ್ನು ತಂದಾಗಲೂ ನಾನು ಬರೆದಿದ್ದೆ. ಅವನ ತಲೆಗೆ ಚೆಂಡು ಮುಟ್ಟಿಸಬಲ್ಲವನನ್ನು ಕೊಟ್ಟು ಬರೀ ತಲೆ ತಂದುಕೊಂಡಿರಿ. ಈಗ ಅವನು ಬಾವುಟದ ಕಂಬದ ಹಾಗೆ ನಿಂತಿರುತ್ತಾನೆ ಅಂತ ನೀನೇ ಗೋಳಾಡುತ್ತೀಯ.

ಗುಬ್ಬಿಯ ಕರಿಬಸವಯ್ಯನ ಮೇಲೆ ನಿನಗೆ ಮನಸ್ಸಾಗಿದೆ. ಈ ಸೀಸನ್ನಿನಲ್ಲಿ ಏಳು ಗೋಲು ಅಂತ ಎಣಿಸಿ ಬರೆದಿದ್ದೀಯ. ನಾಲ್ಕು ಹೊಡೆದದ್ದು ಎದುರಾಳಿ ಗೋಲ್‌ಕೀಪರ್ ಕೈ ಉಳುಕಿಸಿಕೊಂಡು ಮರದ ಕೆಳಗೆ ಕೂತಿದ್ದ ದಿನ. ಎರಡು ಪೆನಾಲ್ಟಿ. ಉಳಿದ ಒಂದೇ ಒಂದು ಅವನದು, ಅದು ಮಾತ್ರ ನಿಜಕ್ಕೂ ಚೆಂದದ್ದು. ಆದರೂ ಅವನನ್ನು ತೆಗೆದುಕೋ. ಗೋಲುಗಳಿಗಾಗಿ ಅಲ್ಲ. ಚೆಂಡು ಕಳೆದುಕೊಂಡರೆ ಅವನು ಉಳಿದವರ ಹಾಗೆ ಸೊಂಟಕ್ಕೆ ಕೈಕೊಟ್ಟು ಆಕಾಶ ನೋಡುವುದಿಲ್ಲ, ತಾನೇ ಹಿಂದಕ್ಕೆ ಓಡಿ ಹುಡುಕುತ್ತಾನೆ. ಅಂಥವನು ನಾಳೆ ಕಲಿಯುತ್ತಾನೆ. ಕುಣಿಗಲ್‌ನ ರೈಟ್ ಬ್ಯಾಕ್ ಚಿಕ್ಕಹನುಮಯ್ಯ ಇನ್ನೂ ಎಳಸು, ಗಾಳಿಯಂತೆ ಓಡುತ್ತಾನೆ, ಎಲ್ಲಿಗೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಎರಡು ವರ್ಷ ಬಿಟ್ಟು ಬಾ, ಆಗ ಅವನನ್ನು ನಾನೇ ಹಿಡಿದು ಕೊಡುತ್ತೇನೆ.

ಇನ್ನು ಇವರು. ಬರಿಗಾಲಿನಲ್ಲಿ ಆಡುತ್ತಿದ್ದ ಕಾಲದಲ್ಲಿ ಎಡ ಅಂಚಿನಲ್ಲಿ ಓಡುವ ಲೆಫ್ಟ್ ಔಟ್ ಅಂದರೆ ಈ ಜಿಲ್ಲೆಯಲ್ಲಿ ಇವರೇ. ಮದುವೆಗೆ ಮುಂಚೆ ನೀನೇ ನನಗೆ ತೋರಿಸಿ, "ನೋಡು, ಗೆರೆ ಮೇಲೆ ಚೆಂಡು ತಗೊಂಡು ಹೋಗ್ತಾ ಇದ್ರೆ ಧೂಳೂ ಏಳಲ್ಲ" ಅಂದಿದ್ದೆ. ಬೂಟ್ಸಿಲ್ಲದೆ ಇಳಿಯುವ ಹಾಗಿಲ್ಲ ಅಂತ ಆದಮೇಲೆ ಆ ಓಟ ಹೋಯಿತು. ಮಿಲಿಟರಿಯಿಂದ ಬಂದವರೊಬ್ಬರ ಹಳೆಯ ಜೊತೆ ಸಿಕ್ಕಿತು, ಕಾಲಿಗಿಂತ ದೊಡ್ಡದು. ಮುಂಗಾಲಿಗೆ ಹತ್ತಿ ತುರುಕಿಕೊಂಡು ಹಾಕುತ್ತಾರೆ. ಡಿಸೆಂಬರಿನಲ್ಲಿ ನೀನು ನೋಡಿದ್ದು ಅದನ್ನೇ. ಅವತ್ತು ಮೈದಾನದ ಅಂಚಿನಲ್ಲಿ ಯಾರೋ, "ಏನ್ಲಾ, ನಮ್ ಲೆಫ್ಟ್ ಔಟಣ್ಣನ್ಗೆ ಬೂಟ್ಸು ಹಾಕ್ಸಿ ಲಾಳ ಹೊಡ್ದ ಎತ್ತು ಮಾಡ್ಬುಟ್ರಲ್ಲೋ" ಅಂತ ಕೂಗಿದ, ಎಲ್ಲರೂ ನಕ್ಕರು. ನೀನೂ ನಕ್ಕೆ ಅಣ್ಣಾ, ನಾನು ಮೈದಾನದ ಪಕ್ಕದ ಗೆಳತಿಯ ಮನೆ ಮಾಳಿಗೆ ಮೇಲಿನಿಂದ ನೋಡಿದೆ. ಇವರೂ ನೋಡಿದರು. ಮನೆಗೆ ಬಂದು ಬೂಟ್ಸನ್ನು ಮೂಲೆಗೆ ಎಸೆಯುತ್ತಾರೆ ಅಂತಿದ್ದೆ. ಇಲ್ಲ, ಒರೆಸಿ, ಎಣ್ಣೆ ಹಚ್ಚಿ ಇಟ್ಟರು. ಎಸೆದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನೀನು ನೋಡದೇ ಇದ್ದದ್ದನ್ನು ಹೇಳುತ್ತೇನೆ ಕೇಳು. ಹೋದ ತಿಂಗಳು ಗುಬ್ಬಿಯವರ ಮೇಲೆ ಆಟ ಇತ್ತು. ಮೈದಾನದ ಪಕ್ಕದಲ್ಲೇ ಗೆಳತಿ ಕೌಸಲ್ಯಳ ಮನೆ. ಅವಳ ಮಾಳಿಗೆಯ ಮೇಲೆ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದೆ. ಕೊನೆಗೆ ಕಾಲು ಗಂಟೆ ಇದೆ ಅನ್ನುವಾಗ ನಮ್ಮ ಸೆಂಟರ್ ಹಾಫ್ ಮೀನಖಂಡ ಹಿಡಿದುಕೊಂಡು ಆಚೆ ಕೂತ. ಬೇರೆ ಯಾರೂ ಇಲ್ಲ ಅಂತ ಇವರೇ ಬಂದು ನಡುವೆ ನಿಂತರು. ಆ ಕಾಲು ಗಂಟೆಯಲ್ಲಿ ಏನಾಯಿತು ಅಂತೀಯ? ಏನೂ ಆಗಲಿಲ್ಲ. ನಿನ್ನ ಕರಿಬಸವಯ್ಯನ ಕಾಲಿಗೆ ಒಂದು ಚೆಂಡು ಬರಲಿಲ್ಲ. ಅವನಿಗೆ ಬರಬೇಕಾದ ಪಾಸುಗಳೆಲ್ಲ ಇವರು ನಿಂತಲ್ಲಿಗೇ ಬಂದು ಬೀಳುತ್ತಿದ್ದವು, ಕರೆದು ಕೂರಿಸಿದ ಹಾಗೆ. ಇವರು ಓಡಲೇ ಇಲ್ಲ. ಜನ ಬೇಜಾರಾಗಿ ಕಡಲೆಕಾಯಿ ಬಿಡಿಸುತ್ತ ಕೂತರು, ಮನೆಗೆ ಹೋಗುತ್ತ ಮೊದಲರ್ಧದ ಗೋಲಿನ ಮಾತೇ ಆಡಿದರು. ಇವರ ಆಟ ಯಾರಿಗೂ ಕಾಣಲಿಲ್ಲ. ಸ್ವತಃ ಇವರಿಗೂ ಕಾಣಲಿಲ್ಲ! ಮಾಳಿಗೆಯಲ್ಲಿ ಕುಣಿದಾಡಬೇಕು ಅನ್ನಿಸಿತು. ಗಂಡನ ಹೆಸರು ಹಿಡಿದು ಕೂಗುವ ಹಾಗಿಲ್ಲವಲ್ಲ, ಮಗುವಿನ ಹೆಸರು ಕೂಗಿದೆ. ಪಾಪ, ಬೆಚ್ಚಿಬಿದ್ದು ಅತ್ತಿತು.

ಅಪ್ಪ ಕುದುರೆ ಫಾರಂನಲ್ಲಿ ಗುಮಾಸ್ತರಾಗಿದ್ದಾಗ ನಮ್ಮಿಬ್ಬರನ್ನೂ ಬೇಲಿ ಹತ್ತಿರ ನಿಲ್ಲಿಸಿ ಮರಿಗಳನ್ನು ತೋರಿಸುತ್ತಿದ್ದದ್ದು ನಿನಗೆ ನೆನಪಿದೆಯಲ್ಲ? ನೀನು ಯಾವಾಗಲೂ ಮುಂದೆ ಓಡುತ್ತಿದ್ದ ಮರಿಗೇ ಕೈ ತೋರಿಸುತ್ತಿದ್ದೆ. ಅಪ್ಪ, "ಓಡೋದು ಬಿಡು ಮಗಾ, ಬೇಲಿ ಬಂದಾಗ ತಿರುಗುತ್ತಲ್ಲ, ಅದನ್ನ ನೋಡು" ಅನ್ನುತ್ತಿದ್ದರು. ನೀನು ಈಗಲೂ ಓಟವನ್ನೇ ನೋಡುತ್ತಿದ್ದೀಯ. ಇವತ್ತು ಬೆಳಿಗ್ಗೆ ಕಿಟಕಿಯಲ್ಲಿ ನಾನು ನೋಡಿದ್ದು ಆ ತಿರುಗುವುದನ್ನು. ಗೋಡೆಯುದ್ದಕ್ಕೂ ಚೆಂಡು ಉರುಳಿಸಿ ಅದರ ಹಿಂದೆ ಓಡುತ್ತಾರೆ, ಲೆಫ್ಟ್ ಔಟ್ ಓಡಬೇಕಾದ ಓಟ. ಪ್ರತಿ ಸಲವೂ ಒಂದು ಹೆಜ್ಜೆ ತಡ. ಆದರೆ ಅದೇ ಚೆಂಡು ಒಗೆಯುವ ಕಲ್ಲಿನ ಅಂಚಿಗೆ ಬಡಿದು ಎತ್ತಲೋ ಸಿಡಿದರೆ, ಆ ಅರೆಗತ್ತಲಲ್ಲಿ ಇವರು ಆಗಲೇ ಅಲ್ಲಿಗೆ ತಿರುಗಿ ನಿಂತಿರುತ್ತಾರೆ. ಚೆಂಡು ಎಲ್ಲಿಗೆ ಬರುತ್ತದೆ ಅಂತ ಇವರಿಗೆ ಗೊತ್ತು. ಗೊತ್ತಿದೆ ಅನ್ನುವುದೊಂದು ಇವರಿಗೆ ಗೊತ್ತಿಲ್ಲ.

ನಾಳೆಯ ಆಯ್ಕೆಯ ಆಟಕ್ಕೆ ನೀನು ಕಳಿಸಿದ ಎರಡು ತಂಡಗಳ ಪಟ್ಟಿಯಲ್ಲಿ ಇವರನ್ನು ಲೆಫ್ಟ್ ಔಟ್ ಹಾಕಿದ್ದೀಯ, ಎದುರಿಗೆ ರೈಟ್ ಬ್ಯಾಕ್ ಚಿಕ್ಕಹನುಮಯ್ಯ. ಹತ್ತು ನಿಮಿಷ ಸಾಕು. ಆ ಎಳಸು ಇವರನ್ನು ಇಡೀ ಊರಿನ ಮುಂದೆ ಮುದುಕ ಮಾಡಿ ಕಳಿಸುತ್ತದೆ. ಅದರ ಬದಲು ಸೆಂಟರ್ ಹಾಫ್ ನಿಲ್ಲಿಸು, ಎದುರಿಗೆ ಕರಿಬಸವಯ್ಯ ಇರಲಿ. ಆಟ ಪೂರ್ತಿ ನೋಡು. ಆಮೇಲೂ ಬೇಡ ಅನ್ನಿಸಿದರೆ ಬೇಡ ಅಂತಲೇ ಹೇಳು, ನಾನು ತುಟಿ ಬಿಚ್ಚುವುದಿಲ್ಲ. ಆದರೆ ನೀನು ಹಾಗೆ ಹೇಳುವುದಿಲ್ಲ. ಎಡಕ್ಕೆ ಅಂದಾಗ ಎಷ್ಟು ಗೊತ್ತಿತ್ತೋ ಇದೂ ನನಗೆ ಅಷ್ಟೇ ಗೊತ್ತು.

ಕೆಲಸದ ಆಸೆಗೆ ಬರೆಯುತ್ತಿದ್ದೇನೆ ಅಂದುಕೊಂಡರೆ ಅಂದುಕೋ, ಅದೂ ಇದೆ. ಇವರು ಕೆಲಸ ಮಾಡುವ ಗುಬ್ಬಿಯ ಕೊಬ್ಬರಿ ಮಂಡಿಯ ಸಾಹುಕಾರರು, "ಇನ್ಮೇಲೆ ಚೆಂಡೋ ಕೊಬ್ಬರಿಯೋ ಯಾವ್ದಾದ್ರೂ ಒಂದು ಹಿಡ್ಕೊಳ್ಳಪ್ಪ" ಅಂದಿದ್ದಾರೆ. ನಾಳೆಯದು ಆಗದಿದ್ದರೆ ಇವರು ಕೊಬ್ಬರಿ ಹಿಡಿಯುತ್ತಾರೆ. ನಾವು ಬದುಕುತ್ತೇವೆ, ಅದರ ಭಯ ಇಲ್ಲ. ಆದರೆ ನಾಳೆ ತಲೆ ತಗ್ಗಿಸಿಕೊಂಡು ಮೈದಾನದಿಂದ ಆಚೆ ಬಂದರೆ ಇವರು ಇನ್ನು ಯಾವತ್ತೂ ಆ ದಾರಿಯಲ್ಲಿ ಹೋಗುವುದಿಲ್ಲ ಅಣ್ಣಾ. ಮಗಳು ದೊಡ್ಡವಳಾದ ಮೇಲೆ ಅವಳ ಅಪ್ಪ ಏನು ಆಡುತ್ತಿದ್ದರು ಅಂತ ನಾನು ಬಾಯಲ್ಲಿ ಹೇಳಬೇಕಾಗುತ್ತದೆ. ಅವಳೇ ನೋಡಲಿ ಅಂತ ನನ್ನ ಆಸೆ.

ಹಿತ್ತಿಲಲ್ಲಿ ಸದ್ದು ನಿಂತಿತು. ಬಾವಿಯ ರಾಟೆ ಕಿರುಗುಟ್ಟುತ್ತಿದೆ, ಕಾಲು ತೊಳೆಯುತ್ತಿದ್ದಾರೆ. ಅಮ್ಮನ ಪಾದಕ್ಕೆ ನನ್ನ ನಮಸ್ಕಾರ ಮುಟ್ಟಿಸು, ಅತ್ತಿಗೆಗೆ ನೆನಪು ಹೇಳು. ನಿನ್ನ ಸೊಸೆ ಎರಡು ಹಲ್ಲು ತೋರಿಸಿ ಸೋದರಮಾವನನ್ನು ಕರೆಯುತ್ತಿದ್ದಾಳೆ.

ನಿನ್ನ ತಂಗಿ,
ಗಂಗಾಂಬಿಕೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದೆ. ಬೆಳಿಗ್ಗೆ ನೀನು ಮೈದಾನದಲ್ಲಿ ಬಂದು "ನಡುವೆ ನಿಲ್ಲಿ ಭಾವ" ಅಂದರೆ ಇವರು ಬೂಟ್ಸು ಬಿಚ್ಚಿ ಮನೆಗೆ ಬರುತ್ತಾರೆ. ನಾನೊಂದು ಸಲ ಹೇಳಿ ನೋಡಿದ್ದೇನೆ. "ಹೋಗೇ, ಮಗೂಗೆ ಹಾಲು ಕುಡ್ಸು. ಸೆಂಟರ್ ಹಾಫಂತೆ! ಅದು ಹೊಟ್ಟೆ ಬಂದೋರು ನಿಂತ್ಕೊಳ್ಳೋ ಜಾಗ ಕಣೇ" ಅಂದರು. ಜನರ ಮುಂದೆ ಹಿಂದಕ್ಕೆ ತಳ್ಳಿದರು ಅಂತಲೇ ತಿಳಿಯುತ್ತಾರೆ. ಇವರಿಗೆ ರಾತ್ರಿಯೇ ಗೊತ್ತಾಗಬೇಕು, ಅದೂ ನಿನಗೆ ಕಷ್ಟ ಬಂದಿದೆ ಅನ್ನುವ ಹಾಗೆ. ನಾಳೆ ಆಡಬೇಕಿದ್ದ ಸೆಂಟರ್ ಹಾಫ್‌ಗೆ ಜ್ವರ, ಮಾನ ಉಳಿಸುವವರು ಯಾರೂ ಇಲ್ಲ, ಇದೊಂದು ಸಲ ನಡೆಸಿಕೊಡಿ ಭಾವ ಅನ್ನು. ಯಾರಿಗಾದರೂ ಕಷ್ಟ ಅಂದರೆ ಇವರು ಇಲ್ಲ ಅನ್ನುವವರಲ್ಲ. ಆ ಒಂದು ಕಡೆಯಿಂದ ಮಾತ್ರ ಇವರನ್ನು ದಾಟಿ ಹೋಗಬಹುದು. ಸುಳ್ಳಿನ ಪಾಪದಲ್ಲಿ ಅರ್ಧ ನನಗಿರಲಿ. ಈ ಕಾಗದದ ಸುದ್ದಿ ಎತ್ತಬೇಡ. ಪಟ್ಟಿಯಲ್ಲಿ ಸೆಂಟರ್ ಹಾಫ್ ಅನ್ನುವುದರ ಎದುರಿಗೆ ನೀನು ಬರೆಯಬೇಕಾದ ಹೆಸರು ರೇವಣಸಿದ್ದಯ್ಯ. ನೋಡು, ಬರೆದೇಬಿಟ್ಟೆ. ಅಮ್ಮನಿಗೆ ತೋರಿಸಬೇಡ, ಬಯ್ಯುತ್ತಾಳೆ.

ಮೊದಲನೇ ಬಸ್ಸಿನ ಕಂಡಕ್ಟರ್ ಕದರಯ್ಯನ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ, ಮಧ್ಯಾಹ್ನದೊಳಗೆ ಗಿರಣಿಯ ಬಾಗಿಲಲ್ಲಿ ನಿನಗೆ ಮುಟ್ಟಿಸುತ್ತಾನೆ. ಇವತ್ತು ಸಂಜೆಯೇ ಟ್ರಂಕ್ ಕಾಲ್ ಬುಕ್ ಮಾಡು, ಡಾಕ್ಟರ ಮನೆಗೆ. ಲೈನು ಸಿಗಲು ಎಷ್ಟು ಹೊತ್ತಾದರೂ ಬಿಡಬೇಡ. ಪದ್ಮಮ್ಮನವರಿಗೆ ನಾನು ಹೇಳಿರುತ್ತೇನೆ. ಅವರ ಬಾಗಿಲು ಬಡಿದು ನನಗೆ ಅಭ್ಯಾಸ, ಒಂದು ರಾತ್ರಿ ಅವರು ನನ್ನ ಬಾಗಿಲು ಬಡಿಯಲಿ. ಅವರ ಮನೆ ಫೋನು ಹೊಡೆದರೆ ನಮ್ಮ ತೊಟ್ಟಿಲವರೆಗೂ ಕೇಳುತ್ತದೆ. ನಾನು ಎಚ್ಚರವಾಗಿಯೇ ಇರುತ್ತೇನೆ. ಕೈ ಮುಗಿಯುತ್ತೇನೆ ಅಣ್ಣಾ, ಹತ್ತು ಗಂಟೆಯಾಗಲಿ, ಎರಡು ಗಂಟೆಯಾಗಲಿ, ನಾಳೆ ಇವರು ಎದ್ದು ಆ ಬೂಟ್ಸಿಗೆ ಹತ್ತಿ ತುರುಕುವ ಮುಂಚೆ, ಬೆಳಗಾಗುವುದರೊಳಗೆ, ಫೋನ್ ಮಾಡು.