ದಣಿದ ಬೆಳಕಿಗೆ ಯೂಯೂ

ಕಾನ್‌ಸ್ಟಂಟೀನ್
ಶುಕ್ರವಾರ, ಜೂನ್ ೧೪

ಲುಬ್ನಾಳ ಅಪ್ಪನಿಗೆ, ನನ್ನ ಹಠಮಾರಿ ತಾಹರ್ ಅವರಿಗೆ, ನಿಮ್ಮ ವಸೀಲಾಳ ಸಲಾಮು.

ಹೇಗಿದ್ದೀರಿ? ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದೆ ನುಂಗುತ್ತಿದ್ದೀರಾ, ಇಲ್ಲ ತಮ್ಮನ ಮನೆಯ ಖರ್ಜೂರದ ಡಬ್ಬಿಯ ಪಕ್ಕದಲ್ಲೇ ಹಾಸಿಗೆ ಹಾಕಿಸಿಕೊಂಡಿದ್ದೀರಾ? ಜೂನ್ ತಿಂಗಳಲ್ಲಿ ನೀವೀಗ ಇರುವ ಬಿಸ್ಕ್ರಾ ಊರಿನವರೇ ಬಿಸಿಲು ತಾಳಲಾರದೆ ನಮ್ಮ ಕಡೆಗೆ ಬರುತ್ತಾರೆ. ಇಲ್ಲಿಂದ ಅಲ್ಲಿಗೆ ಹೋಗುವವರಿದ್ದರೆ ಅವರು ಮುನಿಸಿಕೊಂಡವರೇ ಇರಬೇಕು. ಫೋನನ್ನೂ ಆರಿಸಿಟ್ಟಿದ್ದೀರಿ. ಅದಕ್ಕೇ ಈ ಪತ್ರವನ್ನು ಟ್ಯಾಕ್ಸಿಯ ರಶೀದನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರು ಎಂದು ಹೇಳಿದ್ದೇನೆ, ಪಾಪ, ಅವನಿಗೊಂದು ಲೋಟ ಚಹಾ ಕೊಡಿಸಿ.

ಮೊದಲು ಸುದ್ದಿ. ನಿಮ್ಮ ಮಗಳು ಗೆದ್ದಳು! ಬುಧವಾರ ಮಧ್ಯಾಹ್ನದಿಂದ ಅವಳು ಡಾಕ್ಟರ್ ಲುಬ್ನಾ, ಅದೂ ಅತ್ಯುನ್ನತ ದರ್ಜೆಯಲ್ಲಿ, ತೀರ್ಪುಗಾರರ ಅಭಿನಂದನೆ ಸಮೇತ. ಆದರೆ ಎರಡು ತಿಂಗಳಿಂದ ನೀವಿಬ್ಬರೂ ಮಾತು ಬಿಟ್ಟಿದ್ದೀರಲ್ಲ, ಅದೊಂದು ಮುಳ್ಳು ನನ್ನ ಗಂಟಲಲ್ಲಿ ಹಾಗೇ ಉಳಿದಿದೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಸತ್ತ ನನ್ನ ಸಿದ್ಧಾಂತದ ಮಯ್ಯತ್ತಿಗೆ ನಾನೇ ಹೋಗಿ ಮುಂದಿನ ಸಾಲಲ್ಲಿ ಕೂರ್ಬೇಕಾ?" ಎಂದಿರಿ. ಅವಳು ಒಳಗಿನಿಂದ ಕೇಳಿಸಿಕೊಂಡಳು. ಅವತ್ತು ಅವಳು ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ.

ನಮ್ಮ ಮನೆಯ ಊಟದ ಮೇಜಿನ ಮೇಲೆ ಉಪ್ಪಿನಷ್ಟೇ ಖಾಯಮ್ಮಾಗಿ ಈ ಬೆಳಕಿನ ಜಗಳವೂ ಇರುತ್ತಿತ್ತು. ದೂರದ ನಕ್ಷತ್ರಲೋಕಗಳ ಬೆಳಕು ಕೆಂಪಿಗೆ ತಿರುಗಿ ಕಾಣುತ್ತದೆ, ಅಂದರೆ ವಿಶ್ವ ಹಿಗ್ಗುತ್ತಿದೆ, ಅದಕ್ಕೆ ಸುಮಾರು ಸಾವಿರದ ಮುನ್ನೂರ ಎಂಬತ್ತು ಕೋಟಿ ವರ್ಷ ವಯಸ್ಸು ಎಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಿರಿ. ಮನೆಗೆ ಬಂದು ಕೋಟು ಕಳಚಿದ ಮೇಲೆ ಮಾತೇ ಬೇರೆ. "ಅಷ್ಟು ದೂರ ನಡ್ಕೊಂಡು ಬಂದ್ರೆ ನನ್ ಮುಖಾನೂ ಕೆಂಪಾಗುತ್ತೆ ಕಣೇ. ಬೆಳಕಿಗೂ ಸುಸ್ತಾಗುತ್ತೆ. ವಿಶ್ವ ಹಿಗ್ಗಿಲ್ಲ, ಕುಗ್ಗಿಲ್ಲ, ಅದಕ್ಕೆ ಹುಟ್ಟಿದಬ್ಬಾನೂ ಇಲ್ಲ!" ಪುಟ್ಟ ಲುಬ್ನಾ ಸೂಪಿನ ಚಮಚ ಹಿಡಿದುಕೊಂಡೇ ಬಾಯಿ ಬಿಟ್ಟು ಕೇಳುತ್ತಿದ್ದಳು. ನಿಮ್ಮ ಮಾತು ನಿಜವೆಂದು ತೋರಿಸಲಿಕ್ಕೇ ತಾನೇ ಅವಳು ಈ ಸಂಶೋಧನೆಗೆ ಇಳಿದದ್ದು? ಲೆಕ್ಕ ಇನ್ನೊಂದು ಕಡೆಗೆ ವಾಲಿದರೆ ಅವಳೇನು ಮಾಡಬೇಕಿತ್ತು? ಸುಳ್ಳು ಬರೆಯಬೇಕಿತ್ತೇ? ಹಾಗೆ ಬರೆದಿದ್ದರೆ ಅವಳ ಕಿವಿ ಹಿಂಡುವವರಲ್ಲಿ ನೀವೇ ಮೊದಲಿಗರು, ನನಗೆ ಗೊತ್ತು.

ಈಗ ಬುಧವಾರದ ಕಥೆ. ನಮ್ಮೂರಲ್ಲಿ ಡಾಕ್ಟರೇಟಿನ ಬಹಿರಂಗ ಪರೀಕ್ಷೆ ಎಂದರೆ ಮದುವೆಗಿಂತ ಕಡಿಮೆಯೇ? ನಿಮ್ಮಕ್ಕ ಝುಲೀಖಾ ಬಕ್ಲಾವಾ ಮಿಠಾಯಿಯ ತಟ್ಟೆಗಳನ್ನು ಹೊರಿಸಿಕೊಂಡು ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡೇ ಬಂದರು. ನಾನು ಮೊದಲೇ ಹೇಳಿಟ್ಟಿದ್ದೆ, "ಅತ್ತಿಗೆ, ಒಬ್ರು ಎದ್ದು ನಿಂತು ಗಟ್ಟಿಯಾಗಿ ತೀರ್ಪು ಓದ್ತಾರೆ. ಆಗ ಮದುವೆ ಮನೇಲಿ ನಾಲಿಗೆ ಕುಣಿಸ್ತೀರಲ್ಲ, ಹಾಗೆ ಯೂಯೂ ಕೂಗಿ. ಅಲ್ಲೀವರ್ಗೂ ಬಾಯಿಗೆ ಬೀಗ." ಅವರು ಆಯಿತು ಎಂದು ತಲೆಯಾಡಿಸಿದರು, ಅದನ್ನು ನಂಬಿದ್ದು ನನ್ನ ಪೆದ್ದುತನ.

ತೀರ್ಪುಗಾರರಲ್ಲಿ ರಾಜಧಾನಿಯಿಂದ ಬಂದ ಪ್ರೊಫೆಸರ್ ಬೆನ್‌ಯಹ್ಯಾ ಎಂಬುವರಿದ್ದರು. ಮಹಾ ಮೊನಚು ನಾಲಿಗೆ. "ದಣಿದ ಬೆಳಕು ಸತ್ತು ಯಾವ ಕಾಲ ಆಯ್ತಮ್ಮ! ಸತ್ತ ಹೇಸರಗತ್ತೆಗೆ ನಾಲ್ಕು ವರ್ಷ ಹುಲ್ಲು ಹಾಕಿದೀಯಲ್ಲ!" ಎಂದುಬಿಟ್ಟರು. ಸಭೆ ಗೊಳ್ಳೆಂದಿತು. ಲುಬ್ನಾ ಮಾತ್ರ ನಿಮ್ಮ ಹಾಗೆಯೇ ಗದ್ದ ಮೇಲೆತ್ತಿ, "ಸತ್ತಿದೆ ಅಂತ ಎಲ್ರೂ ಹೇಳ್ತಾರೆ ಸರ್. ನಾನೇ ನಾಡಿ ಹಿಡಿದು ನೋಡಿದೆ ಅನ್ನೋರು ನಮ್ಮೂರಲ್ಲಿ ಯಾರೂ ಸಿಗ್ಲಿಲ್ಲ. ಅದಕ್ಕೇ ನಾನು ನೋಡ್ದೆ" ಎಂದಳು. ಆಮೇಲೆ ಅವಳು ಹೇಳಿದ್ದು ನನ್ನಂಥವಳಿಗೂ ಅರ್ಥವಾಯಿತು. ಒಂದೂರಿನಿಂದ ಇಬ್ಬರು ಓಟಗಾರರು ಒಂದು ಗಂಟೆ ಅಂತರದಲ್ಲಿ ಹೊರಟರು ಎನ್ನಿ. ಇಬ್ಬರೂ ಒಂದೇ ಸಮ ದಣಿದರೆ ಇಬ್ಬರ ಮುಖವೂ ಕೆಂಪಾದೀತು, ಆದರೆ ಬಂದು ಮುಟ್ಟುವಾಗಲೂ ಅಂತರ ಒಂದೇ ಗಂಟೆ. ಅಂತರವೇ ಹೆಚ್ಚಿದ್ದರೆ ನಡುವಿನ ದಾರಿಯೇ ಹಿಗ್ಗಿರಬೇಕು. ದೂರದಲ್ಲಿ ಸಿಡಿದ ನಕ್ಷತ್ರಗಳು ಹತ್ತಿರದವುಗಳಿಗಿಂತ ನಿಧಾನವಾಗಿ ಮಂಕಾಗುತ್ತವಂತೆ. ಅಂದರೆ ಅವುಗಳ ಮೊದಲ ಬೆಳಕಿಗೂ ಕೊನೆಯ ಬೆಳಕಿಗೂ ನಡುವಿನ ಅಂತರ ದಾರಿಯಲ್ಲೇ ಹೆಚ್ಚಿದೆ, ಬರೀ ದಣಿವಾದರೆ ಹಾಗಾಗುವುದಿಲ್ಲ.

ಇಷ್ಟು ಕೇಳಿ ಆ ಪ್ರೊಫೆಸರ್ ದಢಕ್ಕನೆ ಎದ್ದು ನಿಂತು, ಗಟ್ಟಿಯಾಗಿ, "ಹಾಗಾದ್ರೆ ಒಪ್ಕೋ! ನೀನು ನಂಬಿ ಹೊರಟ ಸಿದ್ಧಾಂತ ಬಿದ್ದೋಯ್ತು!" ಎಂದರು. ಎದ್ದು ನಿಂತದ್ದೂ ಆಯಿತು, ಗಟ್ಟಿ ದನಿಯೂ ಆಯಿತು. ನಿಮ್ಮಕ್ಕನಿಗೆ ಇನ್ನೇನು ಬೇಕು? ಯೂ-ಯೂ-ಯೂ-ಯೂ! ಅವರ ಹಿಂದೆ ಓಣಿಗೆ ಓಣಿಯೇ ನಾಲಿಗೆ ಕುಣಿಸಿತು. ಪ್ರೊಫೆಸರ್ ಕೈಯಲ್ಲಿದ್ದ ಹಾಳೆಗಳು ಕೆಳಗೆ ಬಿದ್ದವು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿ ನಾನು ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡೆ.

ಗಲಾಟೆ ಅಡಗಿದ ಮೇಲೆ ಲುಬ್ನಾ ನಗುತ್ತ ಹೇಳಿದಳು, "ನಮ್ಮತ್ತೆ ಸರಿಯಾದ ಹೊತ್ತಿಗೇ ಕೂಗಿದ್ರು ಸರ್. ಹೌದು, ಬಿತ್ತು. ಬಿದ್ದಿದ್ದೇ ನನ್ನ ಫಲಿತಾಂಶ. ನಮ್ಮಪ್ಪ ಆಡಿದ್ದು ಪರೀಕ್ಷೆ ಮಾಡಿ ನೋಡಬಹುದಾದ ಮಾತು, ಅದಕ್ಕೇ ಬಿತ್ತು. ಪರೀಕ್ಷೆಗೇ ಸಿಗದ ಮಾತು ಬೀಳೋದೂ ಇಲ್ಲ, ಏಳೋದೂ ಇಲ್ಲ. ಹಾಗಂತ ಗೆದ್ದೋರು ಮೀಸೆ ತಿರುವೋ ಹಾಗೂ ಇಲ್ಲ. ಹಿಗ್ಗೋ ವೇಗಾನ ಎರಡು ದಾರೀಲಿ ಅಳೆದ್ರೆ ಎರಡು ಉತ್ತರ ಬರ್ತಿದೆ. ಹುಡುಕೋದು ಇನ್ನೂ ಇದೆ." ಬೆನ್‌ಯಹ್ಯಾ ಕನ್ನಡಕ ತೆಗೆದರು, ಒರೆಸಿದರು, ಮೊದಲ ಚಪ್ಪಾಳೆ ಅವರೇ ತಟ್ಟಿದರು. ಆ ಕ್ಷಣ ನೀವು ಪಕ್ಕದಲ್ಲಿರಬೇಕಿತ್ತು ರೀ. ನಾನು ಒಬ್ಬಳೇ ಅತ್ತುಬಿಟ್ಟೆ.

ಕೊನೆಗೆ ನಿಜವಾದ ತೀರ್ಪು ಓದುವಾಗ ನಿಮ್ಮಕ್ಕ ಹೆದರಿ ತುಟಿ ಬಿಗಿಹಿಡಿದು ಕೂತಿದ್ದರು. ಇಡೀ ಸಭೆ ಅವರತ್ತ ತಿರುಗಿ ಕಾಯುತ್ತಿದೆ, ಅವರು ನನ್ನನ್ನು ತಿವಿದು "ಈಗ್ಲಾ? ಈಗ್ಲೇನೇ?" ಎನ್ನುತ್ತಿದ್ದಾರೆ. ಬೆನ್‌ಯಹ್ಯಾ ಅವರೇ ಕೈಯೆತ್ತಿ "ಕೂಗಿ ತಾಯಿ, ಈಗ ಕೂಗಿ!" ಎಂದ ಮೇಲೆ ಬಂತು ನೋಡಿ ಆ ಯೂಯೂ, ಊರಿನ ಸೇತುವೆಗಳೆಲ್ಲ ಅದುರಿರಬೇಕು. ಬಕ್ಲಾವಾದಲ್ಲಿ ಒಂದು ತುಣುಕೂ ಉಳಿಯಲಿಲ್ಲ, ನಿಮ್ಮ ಸಕ್ಕರೆಗೆ ಅದೇ ಒಳ್ಳೆಯದು.

ಅಲ್ಲಾಹನು ನಿಮ್ಮ ಆರೋಗ್ಯ ಕಾಪಾಡಲಿ, ಹಠವನ್ನು ಮಾತ್ರ ಸ್ವಲ್ಪ ಕರಗಿಸಲಿ. ಮೈದುನನಿಗೂ ಅವನ ಹೆಂಡತಿ ಮಕ್ಕಳಿಗೂ ನನ್ನ ಸಲಾಮು ಹೇಳಿ.

ನಿಮ್ಮ ದಾರಿ ಕಾಯುತ್ತಿರುವ
ವಸೀಲಾ

ತಾ.ಕ.: ರಶೀದ ಕೆಳಗೆ ಹಾರನ್ ಬಾರಿಸುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಬರುವ ಗುರುವಾರ ಸಂಸ್ಕೃತಿ ಭವನದಲ್ಲಿ ಲುಬ್ನಾಳ ಭಾಷಣ, ಊರವರೆಲ್ಲ ಬರುತ್ತಾರೆ. ಅವಳೆದುರು ವಾದಿಸಲು ಒಬ್ಬರು ಬೇಕಂತೆ. ಭವನದವರು ಬೆನ್‌ಯಹ್ಯಾ ಅವರನ್ನು ಕರೆಯೋಣ ಎಂದರು. ಅವಳು ಬೇಡವೆಂದು ನಿಮ್ಮ ಹೆಸರು ಬರೆಸಿದ್ದಾಳೆ. "ನನ್ ವಾದ ಎಲ್ಲಿ ಸಡಿಲ ಇದೆ ಅಂತ ಅಪ್ಪನಷ್ಟು ಗೊತ್ತಿರೋರು ಯಾರಿದಾರೆ?" ಎನ್ನುತ್ತಾಳೆ. ನಾಳೆ ಬೆಳಿಗ್ಗೆ ವಾಪಸು ಬರುವ ಟ್ಯಾಕ್ಸಿಯಲ್ಲಿ ಮುಂದಿನ ಸೀಟು ನಿಮಗೆಂದೇ ಹಿಡಿದಿಡಲು ಹೇಳಿದ್ದೇನೆ. ಇನ್ನೊಂದು ಮಾತು ಹೇಳಿ ಕಳಿಸಿದ್ದಾಳೆ, ಅವಳದೇ ಮಾತಲ್ಲಿ ಬರೆಯುತ್ತೇನೆ: "ಅಪ್ಪಂಗೆ ಹೇಳಮ್ಮಾ, ಮಗಳು ಅಂತ ಸೋತು ಕೊಡೋದಾದ್ರೆ ಬರೋದೇ ಬೇಡ."